ಕೆಂಪು ಚುಕ್ಕಿಯ ಬಟ್ಟಲು

ಬಟ್ಟಲಿನ ತಳದಲ್ಲಿ ಕೆಂಪು ಚುಕ್ಕಿ ಇದೆ ಅಂತ ಯೂಜೆನ್‌ಗೆ ಗೊತ್ತಾಗಿದ್ದು ಅದನ್ನು ತೊಳೆಯುವಾಗ. ಉಗುರಿಗೆ ಹಚ್ಚುವ ಬಣ್ಣ, ಹಳೆಯದು, ಅಂಚೆಲ್ಲ ಸವೆದಿತ್ತು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇಲ್ಲಿನ ಪಾತ್ರೆಯನ್ನೆಲ್ಲ ಅವಳೇ ತೊಳೆದಿದ್ದಳು, ಇದನ್ನು ಮಾತ್ರ ನೋಡಿರಲಿಲ್ಲ. ಮೊನ್ನೆಯಿಂದ ಅತ್ತೆ ತನಗೆ ಇದರಲ್ಲೇ ಅನ್ನ ಹಾಕಿ ಕೊಡುತ್ತಿದ್ದಾಳೆ ಅನ್ನುವುದು ಈಗ ಹೊಳೆಯಿತು.

“ಅಮ್ಮ, ಈ ಬಟ್ಟಲು ಎಲ್ಲಿತ್ತು?”

ಅತ್ತೆ ಚ್ಯೂಮೇ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಸಿಂಪಿ ಬಿಡಿಸುತ್ತಿದ್ದಳು. ಗಿಡ್ಡ ಚೂರಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ ತಿರುವಿದರೆ ಒಳಗಿನ ಮೆದು ಮಾಂಸ ಬೋಗುಣಿಗೆ ಬಿದ್ದಿರುತ್ತಿತ್ತು. ಅವಳು ತಲೆ ಎತ್ತಲಿಲ್ಲ.

“ಕಪಾಟಿನ ಮೇಲೆ. ಇನ್ನು ಅದು ನಿಂದು. ಊಟದ ಕಡ್ಡೀನೂ ಬೇರೆ ಇಟ್ಟಿದ್ದೀನಿ, ನೀಲಿ ತುದೀದು. ಉಳಿದಿದ್ದರ ಜೊತೆ ಸೇರಿಸಿ ತೊಳೀಬೇಡ.”

“ಯಾಕೆ?”

“ಯಾಕೆ ಅಂತ ನನ್ನ ಕೇಳ್ತೀಯಾ? ನಿನಗೇ ಗೊತ್ತಿರಬೇಕಲ್ಲ.”

ಬಿದಿರು ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುದುಕಿ ಕಣ್ಣು ಬಿಟ್ಟಳು. ಯೂಜೆನ್‌ಳ ಗಂಡನ ಅಜ್ಜಿ ಅವಳು, ಮನೆಯವರಿಗೂ ಓಣಿಯವರಿಗೂ ಆಮಾ. “ಅದು ನನ್ನ ಮಗನ ಬಟ್ಟಲು,” ಅಂದಳು ಆಮಾ. “ಅದನ್ನ ಯಾಕೆ ಕೆಳಗಿಳಿಸಿದ್ರಿ?”

ಡೋಂಗ್ಶಿಯ ಕಡಲ ದಂಡೆಯಲ್ಲಿ ‘ಬಿ’ ಅಂದರೆ ಒಂದೇ ಅರ್ಥ. ಲಿವರಿನ ಬಿ, ಹೆಪಟೈಟಿಸ್. ಹಿಂದಿನ ತಲೆಮಾರಿನಲ್ಲಿ ಅದು ಇಲ್ಲದ ಮನೆಯೇ ಇರಲಿಲ್ಲ, ಹೆತ್ತವಳಿಂದ ಮಗುವಿಗೆ ಬಂದು, ಒಳಗೊಳಗೇ ಕೂತು, ಗಂಡಸರನ್ನು ನಡುವಯಸ್ಸಿನಲ್ಲಿ ಎತ್ತಿಕೊಂಡು ಹೋಗುತ್ತಿತ್ತು. ಚ್ಯೂಮೇಯ ಗಂಡ ಹೋಗಿದ್ದೂ ಹಾಗೆಯೇ, ಹೊಟ್ಟೆಗೆ ನೀರು ತುಂಬಿ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು ಬೇರೆ ಬಿ. ಒಂಬತ್ತನೇ ತಿಂಗಳಲ್ಲಿ ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೆಳಗೆ ಒರೆಸಿ ನೋಡುವುದು. ಅದರಲ್ಲಿ ಯೂಜೆನ್‌ಗೆ ಬಿ ಗುಂಪಿನ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಬಂದಿತ್ತು. “ಐದು ಜನರಲ್ಲಿ ಒಬ್ಬರಿಗೆ ಇರುತ್ತೆ, ನಿಮಗೇನೂ ತೊಂದರೆ ಇಲ್ಲ,” ಅಂದಿದ್ದಳು ಡಾಕ್ಟರ್. “ಮಗು ಹೊರಗೆ ಬರೋವಾಗ ಅದಕ್ಕೆ ಅಂಟಿದ್ರೆ ಮಾತ್ರ ಕೆಟ್ಟದ್ದು. ಅದಕ್ಕೇ ಹೆರಿಗೆಗೆ ಮುಂಚೆ ನಾಲ್ಕು ಗಂಟೆಯಾದರೂ ಔಷಧಿ ರಕ್ತಕ್ಕೆ ಹೋಗಿರಬೇಕು. ನೀರು ಹೋದ ಕೂಡಲೇ ಬಂದುಬಿಡಿ. ನೋವು ಬರಲಿ ಅಂತ ಕಾಯಬೇಡಿ.”

ಈ ಇಷ್ಟುದ್ದದ ಮಾತನ್ನು ಗಂಡ ಬೋರುಯ್ ತಾಯಿಗೆ ಫೋನಿನಲ್ಲಿ ತಲುಪಿಸಿದ್ದು ಹೀಗೆ: “ಎಲ್ಲ ಸರಿ ಇದೆಯಂತೆ. ಬಿ ಪಾಸಿಟಿವ್ ಬಂದಿದೆ, ಅಷ್ಟೇ.”

ಅಷ್ಟು ಸಾಕಾಯಿತು.

ಅವತ್ತು ಮಧ್ಯಾಹ್ನ ಯೂಜೆನ್ ಗಂಡನನ್ನು ಹಿಡಿದುಕೊಂಡಳು. ಅವನು ಅಂಗಳದಲ್ಲಿ ಸಿಂಪಿ ಕಟ್ಟುವ ಹಗ್ಗಗಳನ್ನು ಬಿಡಿಸುತ್ತ ಕೂತಿದ್ದ.

“ನಿಮ್ಮಮ್ಮನಿಗೆ ಸರಿಯಾಗಿ ಹೇಳು. ನನಗೆ ಲಿವರಿಂದು ಏನೂ ಇಲ್ಲ. ಹುಟ್ಟಿದಾಗಲೇ ಲಸಿಕೆ ಸೂಜಿ ಹಾಕಿದ್ದಾರೆ, ಮೊದಲನೇ ತಪಾಸಣೇಲೇ ನೋಡಿದ್ದಾರೆ.”

“ಹೇಳ್ತೀನಿ.”

“ಯಾವಾಗ?”

“ಹೇಳ್ತೀನಿ ಅಂದ್ನಲ್ಲ. ಒಂದು ಬಟ್ಟಲಿಗೆ ಇಷ್ಟು ರಾದ್ಧಾಂತ ಯಾಕೆ? ಅಪ್ಪ ಹನ್ನೊಂದು ವರ್ಷ ಅದರಲ್ಲೇ ಉಂಡ್ರು. ಆ ಸಣ್ಣ ಮೇಜಿದೆಯಲ್ಲ, ಅಲ್ಲಿ ಒಬ್ಬರೇ ಕೂತ್ಕೋತಿದ್ರು. ಟೀವಿ ನೋಡೋಕೆ ಅನುಕೂಲ ಅಂತಿದ್ರು.”

“ನನಗೆ ಟೀವಿ ನೋಡೋ ಚಪಲ ಇಲ್ಲ.”

ಬೋರುಯ್ ನಕ್ಕ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವನು ಅವನು. ತಾಯಿಯ ಹತ್ತಿರ ಹೂಂ, ಹೆಂಡತಿಯ ಹತ್ತಿರ ಹೂಂ, ನಡುವೆ ಉಬ್ಬರ ಇಳಿತ ನೋಡಿಕೊಂಡು ದೋಣಿ ಹತ್ತಿ ಹೋಗಿಬಿಡುತ್ತಿದ್ದ. ಕಡಲಲ್ಲಿ ಸಿಂಪಿ ಬೆಳೆಸುವ ಚಪ್ಪರಗಳ ಹತ್ತಿರ ಫೋನೂ ಸಿಗುತ್ತಿರಲಿಲ್ಲ. ಯೂಜೆನ್‌ಗೆ ಕೆಲವೊಮ್ಮೆ ಅನಿಸುತ್ತಿತ್ತು, ಇವನು ಈ ಕಸುಬು ಬಿಡದೆ ಇರುವುದೇ ಅದಕ್ಕೆ ಅಂತ.

ಕೊನೆಗೆ ಅವಳೇ ಊಟಕ್ಕೆ ಕೂತಾಗ ಬಾಯಿ ಬಿಟ್ಟಳು. ಮೇಜಿನ ಮೇಲೆ ಹುರಿದ ಗೆಣಸಿನ ಸೊಪ್ಪು, ಮೀನು, ಸಿಂಪಿ ಹಾಕಿದ ಮೊಟ್ಟೆ ಇತ್ತು. ಅವಳ ಪಾಲನ್ನು ಮಾತ್ರ ಆಗಲೇ ಬೇರೆ ತಟ್ಟೆಗೆ ಬಡಿಸಿ ಇಟ್ಟಿದ್ದರು. ಪಕ್ಕದಲ್ಲಿ ಒಂದು ಲೋಟ ಮರುವಾಯಿ ಸಾರು, ಕೆರೆಯ ಸಣ್ಣ ಚಿಪ್ಪುಗಳನ್ನು ಶುಂಠಿ ಹಾಕಿ ಕುದಿಸಿದ್ದು. ಲಿವರಿಗೆ ಅದಕ್ಕಿಂತ ಮದ್ದಿಲ್ಲ ಅಂತ ಆ ಕಡೆಯವರ ನಂಬಿಕೆ.

“ಅಮ್ಮ, ಇದು ಲಿವರಿನ ಬಿ ಅಲ್ಲ. ಬೇರೆ ಬಿ.”

“ಎಷ್ಟು ಬಿ ಇವೆ?” ಅಂದಳು ಚ್ಯೂಮೇ.

“ಇದು ಒಂದು ಬ್ಯಾಕ್ಟೀರಿಯಾ. ಸುಮ್ಮನೆ ಮೈಯಲ್ಲಿ ಇರುತ್ತೆ.”

“ಮೈಯಲ್ಲಿ ಎಲ್ಲಿ?”

ಯೂಜೆನ್ ಗಂಡನ ಕಡೆ ನೋಡಿದಳು. ಗಂಡ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದ. “ಕೆಳಗೆ,” ಅಂದಳು.

“ಕೆಳಗೆ ಎಲ್ಲಿ?” ಅಂದಳು ಆಮಾ ಕಿವಿಗೆ ಕೈ ಹಚ್ಚಿ. “ಕಾಲಲ್ಲಾ?”

“ಕಾಲಲ್ಲ ಆಮಾ. ಮಗು ಬರೋ ದಾರೀಲಿ.”

“ಹಾಗನ್ನು. ಮಗು ಹೋದ ದಾರೀಲೇ ಬರುತ್ತೆ, ಅದಕ್ಕೇನು ನಾಚಿಕೆ.” ಆಮಾ ಮೊಮ್ಮಗನ ಭುಜಕ್ಕೆ ಒಂದು ಏಟು ಕೊಟ್ಟು ಕಿಸಕ್ಕನೆ ನಕ್ಕಳು. ಬೋರುಯ್‌ನ ಗಂಟಲಲ್ಲಿ ಅನ್ನ ಸಿಕ್ಕಿಕೊಂಡಿತು.

ಚ್ಯೂಮೇ ನಗಲಿಲ್ಲ. “ಡಾಕ್ಟರ್ ಏನಂದ್ರು? ಮಗೂಗೆ ಬರುತ್ತೆ ಅಂದ್ರೋ ಇಲ್ವೋ?”

“ಬರಬಹುದು ಅಂದ್ರು. ಅದಕ್ಕೇ ನೀರು ಹೋದ ತಕ್ಷಣ...”

“ಬಿ ಅಂದ್ರು. ಪಾಸಿಟಿವ್ ಅಂದ್ರು. ತಾಯಿಯಿಂದ ಮಗೂಗೆ ಅಂದ್ರು. ಅದು ಲಿವರಿಂದಲ್ಲದೆ ಇನ್ನೇನು? ನನಗೆ ಪಾಠ ಹೇಳಬೇಡ ಯೂಜೆನ್. ನಿನಗಿಂತ ಮುಂಚೆ ನಾನು ಇದನ್ನ ನೋಡಿದ್ದೀನಿ. ಮಗು ಹುಟ್ಟಿದ ಮೇಲೆ ಅದಕ್ಕೆ ಸೂಜಿ ಹಾಕ್ತಾರೆ, ಸರಿ ಹೋಗುತ್ತೆ. ಅವಸರ ಏನೂ ಇಲ್ಲ. ಸಾರು ಆರುತ್ತೆ, ಕುಡಿ.”

ಯೂಜೆನ್ ಕುಡಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ನಾಲ್ಕನೆಯ ಕಾಲನ್ನು ತಂದು ತೋರಿಸಿದರೂ, ಅದು ಬಾಲ ಅನ್ನುತ್ತಾರೆ.

ಮುಂದಿನ ವಾರಗಳು ಹಾಗೇ ನಡೆದವು. ಬೆಳಿಗ್ಗೆ ಮರುವಾಯಿ ಸಾರು, ಸಂಜೆ ಮರುವಾಯಿ ಸಾರು. ಚ್ಯೂಮೇ ಸಂತೆಯಲ್ಲಿ ಹೆಚ್ಚು ದುಡ್ಡು ಕೊಟ್ಟು ಬದುಕಿದ್ದ ಚಿಪ್ಪನ್ನೇ ಆರಿಸಿ ತರುತ್ತಿದ್ದಳು, ರಾತ್ರಿಯಿಡೀ ನೀರಲ್ಲಿ ನೆನೆಸಿ ಮರಳು ಬಿಡಿಸುತ್ತಿದ್ದಳು. ಸೊಸೆಗೆ ಕಾಲು ಬಾತಿದ್ದರೆ ತಾನೇ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ತಿಕ್ಕಿದ ಮೇಲೆ ಎದ್ದು ಹೋಗಿ ಸೋಪು ಹಾಕಿ ಮೊಣಕೈಯವರೆಗೆ ಕೈ ತೊಳೆಯುತ್ತಿದ್ದಳು. ಬೈಯೋಣ ಅಂದರೆ ಎಣ್ಣೆ ಹಚ್ಚಿದವಳು, ಹೊಗಳೋಣ ಅಂದರೆ ಕೈ ತೊಳೆದವಳು. ಯೂಜೆನ್‌ಗೆ ತಲೆ ಚಿಟ್ಟು ಹಿಡಿದು ಹೋಗುತ್ತಿತ್ತು.

ಒಂದು ದಿನ ಅವಳು ಸಿಂಪಿಯ ಚೂರಿ ತೆಗೆದುಕೊಂಡು ಅತ್ತೆಯ ಪಕ್ಕ ಕೂತಳು. ಬೆಟ್ಟದ ಪೂಲಿ ಊರಿನವಳು ಅವಳು, ಸಮುದ್ರದ ಕೆಲಸ ಇಲ್ಲಿಗೆ ಬಂದ ಮೇಲೇ ಕಲಿತದ್ದು, ಆದರೂ ಈಗ ಕೈ ಓಡುತ್ತಿತ್ತು. ಚ್ಯೂಮೇ ಚೂರಿಯನ್ನು ಕಿತ್ತುಕೊಂಡಳು.

“ನೀನು ಬೇಡ.”

“ಕೂತೇ ಮಾಡ್ತೀನಿ. ಬಗ್ಗೋದೇನಿಲ್ಲ.”

“ಕೈ ಕುಯ್ಕೊಂಡ್ರೆ? ರಕ್ತ ಸಿಂಪಿಗೆ ತಾಗಿದ್ರೆ? ಜನ ತಿನ್ನೋ ವಸ್ತು ಇದು.”

“ನನ್ನ ರಕ್ತಕ್ಕೇನಾಗಿದೆ ಅಮ್ಮ? ನಾಳೆ ನೀವೇ ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಡಾಕ್ಟರ್ ಬಾಯಿಂದಲೇ ಕೇಳಿ.”

“ನಾನು ಬರಲ್ಲ.”

“ಯಾಕೆ ಬರಲ್ಲ?”

“ನಿಮ್ಮ ಮಾವನ ಜೊತೆ ಹೋಗಿ ಹೋಗಿ ಆ ವಾಸನೆ ನನಗೆ ಸಾಕಾಗಿದೆ. ನನ್ನ ಜೀವ ಇರೋವರೆಗೆ ಸಾಕು.”

ಅಷ್ಟು ಹೇಳಿ ಅವಳು ಚಿಪ್ಪಿನ ರಾಶಿಗೆ ಕೈ ಹಾಕಿದಳು. ಯೂಜೆನ್‌ಗೆ ಅಪಮಾನಕ್ಕಿಂತ ಹೆಚ್ಚಾಗಿ ಹೆದರಿಕೆ ಆಗತೊಡಗಿತ್ತು. ಬಟ್ಟಲು ಬೇರೆ ಇಟ್ಟರೆ ಇಡಲಿ. ನೀರು ಹೋದ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಬೋರುಯ್ ಕಡಲಲ್ಲಿ, ಆಮಾ ಕುರ್ಚಿಯಲ್ಲಿ. ಮನೆಯ ನೀಲಿ ಟ್ರಕ್ಕು ಓಡಿಸಲು ಬರುವವಳು ಅತ್ತೆ ಒಬ್ಬಳೇ, ಅವಳ ಲೆಕ್ಕದಲ್ಲಿ ಅವಸರ ಏನೂ ಇಲ್ಲ. ಕರೆದ ಕೂಡಲೇ ಬಾಡಿಗೆ ಕಾರು ಬರುವ ಊರೂ ಅದಲ್ಲ. ಬೇರೆ ಗಂಡಸರಾದರೆ ದಿನ ತುಂಬಿದ ಆ ಒಂದು ವಾರ ದೋಣಿ ಕಟ್ಟಿಹಾಕುತ್ತಿದ್ದರು. ಬೋರುಯ್‌ಗೆ ಹೇಳಿದರೆ, “ಮೊದಲನೇದು ಅಷ್ಟು ಬೇಗ ಆಗಲ್ಲವಂತೆ, ಬಿಡು,” ಅಂದ. ಯಾರು ಹೇಳಿದ್ದು ಅಂತ ಕೇಳಿದಳು. ಅಮ್ಮ ಅಂದ.

ನೀರು ಹೋಗಿದ್ದು ಒಂದು ಬೆಳಿಗ್ಗೆ, ಒಣಗಿದ ಬಟ್ಟೆ ಮಡಚುತ್ತಿದ್ದಾಗ. ನೋವಿರಲಿಲ್ಲ. ಕಾಲ ಕೆಳಗೆ ಬೆಚ್ಚಗಾಯಿತು, ನೋಡಿದರೆ ನೆಲ ಒದ್ದೆ.

“ಅಮ್ಮ, ನೀರು ಹೋಯ್ತು. ಹೊರಡೋಣ.”

ಚ್ಯೂಮೇ ಬಂದು ನೋಡಿದಳು. ಗಾಬರಿ ಬೀಳಲಿಲ್ಲ. “ನೋವಿದೆಯಾ?”

“ಇಲ್ಲ. ಆದರೆ ಡಾಕ್ಟರ್...”

“ನೋವಿಲ್ಲ ಅಂದ್ರೆ ಹೊತ್ತಿದೆ. ಮೊದಲು ತಲೆ ತೊಳ್ಕೋ. ಆಮೇಲೆ ಒಂದು ತಿಂಗಳು ತಲೆಗೆ ನೀರು ಸೋಕಿಸೋ ಹಾಗಿಲ್ಲ. ಬಾಣಂತಿ ತಲೇಲಿ ಗಾಳಿ ಹೊಕ್ಕರೆ ಮುದುಕಿಯಾದ ಮೇಲೂ ಬಿಡಲ್ಲ.”

“ಬೇಡ ಅಮ್ಮ. ಹಾಗೇ ಹೋಗೋಣ.”

“ಐದು ನಿಮಿಷದ ಕೆಲಸ. ಎಲ್ಲರೂ ತೊಳ್ಕೊಂಡೇ ಹೋಗೋದು, ಬೋರುಯ್ ಹುಟ್ಟೋವಾಗ ನಾನೂ ತೊಳ್ಕೊಂಡೇ ಹೋಗಿದ್ದು. ಬಾ.”

ಐದು ನಿಮಿಷ ಅಂದರೆ ಆಗಲಿ ಅಂತ ಯೂಜೆನ್ ಒಪ್ಪಿದ್ದೇ ತಪ್ಪಾಯಿತು. ಶುಂಠಿ ಸಿಪ್ಪೆ ಹಾಕಿ ನೀರು ಕಾಯಿಸಬೇಕು ಅಂತಾಯಿತು. ನೀರು ಕಾದ ಮೇಲೆ ಆರಬೇಕು ಅಂತಾಯಿತು. ತಲೆಗೆ ನೊರೆ ಹಚ್ಚಿ ಒಂದು ಸಲ ತಿಕ್ಕಿದ್ದಳೋ ಇಲ್ಲವೋ, ಹೊರಗೆ ಸಿಂಪಿ ಕೊಳ್ಳುವವನ ಗಾಡಿ ಬಂದು ನಿಂತಿತು. “ತೂಕ ನೋಡಿ ಬರ್ತೀನಿ, ಅಲ್ಲಾಡಬೇಡ,” ಅಂತ ಚ್ಯೂಮೇ ಕೈ ಒರೆಸಿಕೊಂಡು ಹೋದಳು. ಯೂಜೆನ್ ನೊರೆ ತುಂಬಿದ ತಲೆ ಬಗ್ಗಿಸಿಕೊಂಡು ಬಚ್ಚಲಲ್ಲಿ ಕೂತಳು. ಹೊರಗೆ ಅತ್ತೆ ಚೌಕಾಸಿ ಮಾಡುವುದು ಕೇಳುತ್ತಿತ್ತು. ಈ ವಾರದ ಸಿಂಪಿ ಸಣ್ಣದು ಅಂತ ಅವನು, ಸಣ್ಣದಾದರೆ ಏನಂತೆ ರುಚಿ ನೋಡು ಅಂತ ಇವಳು. ಕೇಳುತ್ತ ಕೇಳುತ್ತ ಮೊದಲ ನೋವು ಬಂತು. ಬಂದು ಹೋಯಿತು. ಇನ್ನೊಂದು ಬಂತು.

ಅವಳು ಟವೆಲ್ಲನ್ನು ನೊರೆಯ ಮೇಲೇ ಸುತ್ತಿಕೊಂಡು ಎದ್ದಳು. ಮೊಳೆಗೆ ನೇತು ಹಾಕಿದ್ದ ಬೀಗದಕೈ ತೆಗೆದುಕೊಂಡು ಹೋಗಿ ನೀಲಿ ಟ್ರಕ್ಕಿನಲ್ಲಿ ಡ್ರೈವರ್ ಜಾಗಕ್ಕೆ ಹತ್ತಿ ಕೂತಳು. ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಹಾರ್ನ್ ಒತ್ತಿ ಹಿಡಿದಳು.

ಸಿಂಪಿಯವನು ತಕ್ಕಡಿ ಕೆಳಗಿಟ್ಟ. ಚ್ಯೂಮೇ ಓಡಿ ಬಂದಳು.

“ಹುಚ್ಚು ಹಿಡೀತಾ ನಿನಗೆ? ಇಳಿ.”

“ಇಳಿಯಲ್ಲ. ನೀವು ಓಡಿಸ್ತೀರೋ, ನಾನೇ ಓಡಿಸ್ಲೋ?”

“ನಿನಗೆ ಗೇರ್ ಗಾಡಿ ಬರಲ್ಲ.”

“ಇವತ್ತು ಕಲೀತೀನಿ.”

ಬಾಗಿಲಲ್ಲಿ ಕೂತಿದ್ದ ಆಮಾ ಅಂದಳು, “ಅವಳು ಕಲೀತಾಳೆ. ನೋಡು ಅವಳ ಮುಖ. ನೀನು ಹತ್ತು.”

ದಾರಿಯುದ್ದಕ್ಕೂ ಚ್ಯೂಮೇ ಬೈದಳು. ಓಣಿಯವರ ಮುಂದೆ ಮಾನ ಹೋಯಿತು ಅಂತ, ತೂಕ ಅರ್ಧಕ್ಕೇ ನಿಂತಿತು ಅಂತ, ಒದ್ದೆ ತಲೆಗೆ ಗಾಳಿ ತಾಗುತ್ತದೆ ಕಿಟಕಿ ಏರಿಸು ಅಂತ. ಯೂಜೆನ್ ನೋವಿನ ನಡುನಡುವೆ ಉತ್ತರ ಕೊಟ್ಟಳು.

“ಎಷ್ಟು ಸಲ ಹೇಳಿದೆ ನಿಮಗೆ, ನೀರು ಹೋದ ಕೂಡಲೇ ಅಂತ. ಗೋಡೆಗೆ ಹೇಳಿದ್ರೂ ಕೇಳ್ತಿತ್ತು.”

“ನಿಮ್ಮ ಮಾವನೂ ಹೀಗೇ ಹೇಳ್ತಿದ್ರು. ‘ಏನೂ ಇಲ್ಲ ಚ್ಯೂಮೇ, ಬರೀ ಬಿ, ಊರಿಗೆಲ್ಲ ಇದೆ.’ ಏನೂ ಇಲ್ಲ, ಏನೂ ಇಲ್ಲ ಅಂತಾನೇ ಹೋದ್ರು. ಈ ಮನೇಲಿ ಏನೂ ಇಲ್ಲ ಅನ್ನೋರನ್ನ ನಾನು ನಂಬಲ್ಲ.”

“ನಾನು ಏನೂ ಇಲ್ಲ ಅಂತಿಲ್ಲ ಅಮ್ಮ. ಇದೆ ಅಂತಿದ್ದೀನಿ. ಬೇರೆದು ಇದೆ ಅಂತಿದ್ದೀನಿ. ಒಂದು ತಿಂಗಳಿಂದ ಅದನ್ನೇ ಬಡ್ಕೋತಿದ್ದೀನಿ.”

ಚ್ಯೂಮೇ ಗಾಡಿಯ ವೇಗ ಸ್ವಲ್ಪ ಏರಿಸಿದಳು.

ಹೆರಿಗೆ ವಾರ್ಡಿನ ನರ್ಸು ಯೂಜೆನ್‌ಳನ್ನು ಮಲಗಿಸಿ, ಅವಳ ಕಡತ ನೋಡಿ, ಮೊದಲು ಮಾಡಿದ್ದೇ ಕೈಗೆ ಸೂಜಿ ಚುಚ್ಚಿ ಔಷಧಿಯ ಬಾಟಲಿ ನೇತು ಹಾಕಿದ್ದು. “ನೀರು ಯಾವಾಗ ಹೋಯ್ತು? ಇಷ್ಟೊತ್ತು ಯಾಕೆ ಬರಲಿಲ್ಲ? ತಲೇಲಿ ಏನಿದು?”

“ಸೋಪು,” ಅಂದಳು ಯೂಜೆನ್.

ಚ್ಯೂಮೇ ನರ್ಸಿನ ಹತ್ತಿರ ಬಂದು ದನಿ ತಗ್ಗಿಸಿದಳು. “ಕೈಗವಸು ಎರಡು ಹಾಕ್ಕೋಮ್ಮ. ಇವಳಿಗೆ ಲಿವರಿನ ಬಿ ಇದೆ.”

ನರ್ಸು ಕಡತವನ್ನು ಮತ್ತೆ ನೋಡಿದಳು. “ಇಲ್ವಲ್ಲ. ಲಿವರ್ ಚೆನ್ನಾಗಿದೆ. ಇವರದ್ದು ಸ್ಟ್ರೆಪ್. ಹೆಸರಲ್ಲಿ ಬಿ ಇದೆ ಅಷ್ಟೇ.”

“ಬೇರೇನಾ?”

“ಪೂರ್ತಿ ಬೇರೆ.”

ಚ್ಯೂಮೇ, ತಾನು ಮಾಡಿದ್ದರಲ್ಲಿ ಕೆಡುಕೇನೂ ಇರಲಿಲ್ಲ ಅಂತ ಯಾರಾದರೂ ಹೇಳಲಿ ಅನ್ನುವ ಹಾಗೆ, “ನಾನು ಬಟ್ಟಲೆಲ್ಲ ಬೇರೆ ಮಾಡಿದ್ದೆ. ಒಳ್ಳೇದಕ್ಕೇ ಅಲ್ವಾ,” ಅಂದಳು.

ನರ್ಸು ಸೂಜಿಯ ಮೇಲೆ ಪಟ್ಟಿ ಅಂಟಿಸುತ್ತ, ತಿರುಗಿಯೂ ನೋಡದೆ ಹೇಳಿದಳು, “ಲಿವರಿನ ಬಿ ಇದ್ರೂ ಬಟ್ಟಲು ಬೇರೆ ಬೇಕಿಲ್ಲ ಆಂಟಿ. ಒಟ್ಟಿಗೆ ಉಂಡರೆ ಅದು ಹರಡಲ್ಲ.”

“ಯಾವಾಗಿಂದ?” ಅಂದಳು ಚ್ಯೂಮೇ.

“ಏನು ಯಾವಾಗಿಂದ?”

“ಯಾವಾಗಿಂದ ಹರಡಲ್ಲ?”

“ಯಾವಾಗಿಂದಲೂ ಹರಡಲ್ಲ,” ಅಂದಳು ನರ್ಸು, ಬೇರೆ ಮಂಚದ ಕರೆಗಂಟೆ ಹೊಡೆಯಿತು ಅಂತ ಹೋದಳು.

ಯೂಜೆನ್ ಆ ಹೊತ್ತಿನಲ್ಲಿ ಅತ್ತೆಯ ಮುಖ ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮೊದಲನೆಯದು ಬೇಗ ಆಗುವುದಿಲ್ಲ ಅಂದವರ ಮಾತನ್ನು ಮಗು ಕೇಳಿಸಿಕೊಂಡಿರಲಿಲ್ಲ. ಬಾಟಲಿ ಹಾಕಿ ನಾಲ್ಕು ಗಂಟೆ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಡಾಕ್ಟರ್ ಅದನ್ನು ತಾಯಿಯ ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಎತ್ತಿಕೊಂಡಳು. “ಔಷಧಿ ಪೂರ್ತಿ ಕೆಲಸ ಮಾಡೋಷ್ಟು ಹೊತ್ತು ಸಿಗಲಿಲ್ಲ. ಎರಡು ದಿನ ಮಗು ನಮ್ಮ ಹತ್ತಿರ ಇರಲಿ. ಉಸಿರಾಟ, ಜ್ವರ ನೋಡ್ತಾ ಇರಬೇಕು.”

“ಸ್ವಲ್ಪ ಬೇಗ ಬಂದಿದ್ರೆ?” ಅಂದಳು ಯೂಜೆನ್.

“ಬಂದಿದ್ರೆ ಸಾಕಾಗ್ತಿತ್ತು.”

ಬೋರುಯ್ ದಡಕ್ಕೆ ಬಂದು ಸುದ್ದಿ ಕೇಳಿದವನೇ ರಬ್ಬರ್ ಬೂಟಿನಲ್ಲೇ ಓಡಿ ಬಂದ, ಮೈಯೆಲ್ಲ ಉಪ್ಪುನೀರು. “ಎಲ್ಲ ಸರಿ ಇದೆ ತಾನೇ?” ಅಂದ.

“ಈ ಸಲ ನಾನು ಹೇಳಲ್ಲ,” ಅಂದಳು ಯೂಜೆನ್. “ಹೋಗಿ ಡಾಕ್ಟರನ್ನ ಕೇಳು. ಪೂರ್ತಿ ಕೇಳು. ಕೇಳಿದ್ದನ್ನ ಬಂದು ಪೂರ್ತಿ ನಿಮ್ಮಮ್ಮನಿಗೆ ಹೇಳು.”

ಅವನು ಹೋದ. ಬಂದು ತಾಯಿಯ ಮುಂದೆ ನಿಂತು ಮೊದಲಿಂದ ಕೊನೆಯವರೆಗೆ ಹೇಳಿದ. ಚ್ಯೂಮೇ ತಲೆ ಆಡಿಸಿದಳು. ಆ ಎರಡು ದಿನ ಅವಳು ಮಕ್ಕಳ ಕೋಣೆಯ ಗಾಜಿನ ಮುಂದಿನ ಬೆಂಚು ಬಿಟ್ಟು ಏಳಲಿಲ್ಲ. ಯಾವ ವಾಸನೆ ಸಾಕು ಅಂದಿದ್ದಳೋ ಅದರ ನಡುವೆಯೇ ಕೂತಿದ್ದಳು. ಯೂಜೆನ್ ಮಲಗಿದಲ್ಲೇ ಬೈಗುಳಗಳನ್ನು ಒಂದೊಂದಾಗಿ ಕೂಡಿಡುತ್ತಿದ್ದಳು. ಮಗುವಿಗೆ ಏನಾದರೂ ಆದರೆ ಈ ಹೆಂಗಸಿನ ಮುಖ ನೋಡುವುದಿಲ್ಲ, ಏನೂ ಆಗದಿದ್ದರೂ ಬಿಡುವುದಿಲ್ಲ ಅಂದುಕೊಂಡಿದ್ದಳು.

ಮಗುವಿಗೆ ಏನೂ ಆಗಲಿಲ್ಲ. ಮನೆಗೆ ಬಂದರು.

ಬಾಣಂತನ ಶುರುವಾಯಿತು. ಎಳ್ಳೆಣ್ಣೆಯಲ್ಲಿ ಶುಂಠಿ ಹುರಿದು ಮಾಡಿದ ಕೋಳಿ ದಿನವೂ ಕೋಣೆಗೆ ಬಂತು. ಯೂಜೆನ್ ಮೊದಲ ಊಟದಲ್ಲೇ ಬಟ್ಟಲು ಎತ್ತಿ ತಳ ನೋಡಿದಳು. ಚುಕ್ಕಿ ಇರಲಿಲ್ಲ. ಸೋಪು ಒಣಗಿ ಕೂದಲು ತೆಂಗಿನ ನಾರಿನ ಹಾಗೆ ನಿಂತಿತ್ತು, ತಲೆ ಕೆರೆದು ಕೆರೆದು ಉಗುರು ನೋಯುತ್ತಿತ್ತು, ಅದಕ್ಕೂ ನೀರು ಸೋಕಿಸಲು ಬಿಡಲಿಲ್ಲ. “ಅವತ್ತೇ ಪೂರ್ತಿ ತೊಳ್ಕೊಂಡಿದ್ರೆ ಈ ಗತಿ ಇರ್ತಿರ್ಲಿಲ್ಲ,” ಅಂದಳು ಚ್ಯೂಮೇ ಒಂದು ದಿನ. ಬಾಯಿಂದ ಬಂದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಆ ಮಾತೇ ಯೂಜೆನ್‌ಗೆ ಬೆಂಕಿ ಹಚ್ಚಿತು. ಮಗು ನಿದ್ದೆ ಹೋಗುವುದನ್ನೇ ಕಾದು, ಕೂಡಿಟ್ಟದ್ದನ್ನೆಲ್ಲ ಇವತ್ತು ಸುರಿದುಬಿಡುತ್ತೇನೆ ಅಂತ ಕೋಣೆಯಿಂದ ಹೊರಗೆ ಬಂದಳು.

ಮಧ್ಯಾಹ್ನದ ಊಟದ ಹೊತ್ತು. ದೊಡ್ಡ ಮೇಜಿಗೆ ಆಮಾ, ಬೋರುಯ್ ಕೂತಿದ್ದರು. ಚ್ಯೂಮೇ ಅಲ್ಲಿರಲಿಲ್ಲ. ಟೀವಿಯ ಎದುರಿನ ಸಣ್ಣ ಮೇಜಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಟೀವಿ ಹಾಕಿರಲಿಲ್ಲ. ಕೈಯಲ್ಲಿ ಕೆಂಪು ಚುಕ್ಕಿಯ ಬಟ್ಟಲು.

“ಆಸ್ಪತ್ರೆಯಿಂದ ಬಂದಾಗಿಂದ ಹೀಗೇ,” ಅಂದಳು ಆಮಾ ಯಾರಿಗೋ ದೂರು ಹೇಳುವ ಹಾಗೆ. “ಅದು ನನ್ನ ಮಗನ ಬಟ್ಟಲು ಅಂದ್ರೆ ಕೇಳಲ್ಲ.”

ಯೂಜೆನ್ ಅತ್ತೆಯ ಎದುರಿಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಬೈಗುಳ ಬಾಯಿಯ ತುದಿಯಲ್ಲೇ ಇತ್ತು.

“ಇಲ್ಲಿಂದ ಟೀವಿ ಸರಿಯಾಗಿ ಕಾಣಲ್ಲ,” ಅಂದಳು ಚ್ಯೂಮೇ. “ಕಿಟಕಿ ಬೆಳಕು ಗಾಜಿಗೆ ಹೊಡೆಯುತ್ತೆ. ಹನ್ನೊಂದು ವರ್ಷ ಕೂತಿದ್ರು. ಒಂದು ದಿನ ಕಾಣಲ್ಲ ಅಂತ ಹೇಳಲಿಲ್ಲ ಆ ಮನುಷ್ಯ.”

ಯೂಜೆನ್‌ಳ ಸಿಟ್ಟು ಹಾಗೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ, ಆದರೆ ಅದನ್ನು ತೀರಿಸಿಕೊಳ್ಳಲು ಎದುರಿಗೆ ಆ ಹಳೆಯ ಅತ್ತೆಯೇ ಇರಲಿಲ್ಲ. ಒಂದು ತಿಂಗಳು ಕಾಪಾಡಿಕೊಂಡ ಜಗಳವನ್ನು ಹೀಗೆ ಕಿತ್ತುಕೊಂಡರಲ್ಲ ಅಂತ ಅವಳಿಗೆ ಅಳು ಬಂತು.

“ನನಗೆ ಇನ್ನೂ ಸಿಟ್ಟಿದೆ ಅಮ್ಮ,” ಅಂದಳು.

“ಇರಲಿ,” ಅಂದಳು ಚ್ಯೂಮೇ.

ಯೂಜೆನ್ ಕಡ್ಡಿ ತೆಗೆದುಕೊಂಡಳು. ಅತ್ತೆಯ ಬಟ್ಟಲಲ್ಲಿದ್ದ ಮೀನಿನ ತುಂಡಿಗೆ ಕೈ ಚಾಚಿದಳು. ಚ್ಯೂಮೇಯ ಕೈ ತಟ್ಟನೆ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಿತು. ನರ್ಸಿನ ಮಾತು ಕಿವಿಗೆ ಬಿದ್ದಿತ್ತು, ಕೈಗೆ ಇನ್ನೂ ಮುಟ್ಟಿರಲಿಲ್ಲ. ಅವಳು ತನ್ನ ಆ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಬಟ್ಟಲನ್ನು ನಿಧಾನವಾಗಿ ಇಬ್ಬರ ನಡುವೆ ತಂದು ಇಟ್ಟಳು.